ಒಂದು ಇತಿಹಾಸ ಪಾಠದ ವಿಚಾರಣೆ

1953ರಲ್ಲಿ ನಾನು ಬೀದರ ಜಿಲ್ಲೆಯಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದೆ. ನಮ್ಮದು ಆಗಿನ್ನೂ ಹೈದರಾಬಾದ್ ರಾಜ್ಯ. ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಕೊನೆಗೊಂಡು ಐದು ವರ್ಷವಾಗಿತ್ತು. ಜನ ಅದನ್ನು ಪೊಲೀಸ್ ಆಕ್ಷನ್ ಎನ್ನುತ್ತಿದ್ದರು. ಹಳೆಯ ಉರ್ದು ಪಠ್ಯಪುಸ್ತಕಗಳನ್ನು ತೆಗೆದಿದ್ದೆವು, ಹೊಸ ಕನ್ನಡ ಪುಸ್ತಕಗಳು ಹಳ್ಳಿಗಳಿಗೆ ಇನ್ನೂ ಮುಟ್ಟಿರಲಿಲ್ಲ. ಇತಿಹಾಸವನ್ನು ಮಾಸ್ತರರು ತಮಗೆ ತಿಳಿದಂತೆ ಕಲಿಸುತ್ತಿದ್ದರು.

ಔರಾದ ತಾಲೂಕಿನ ಒಂದು ಹಳ್ಳಿಯ ಗೌಡರು ಅಲ್ಲಿನ ಮಾಸ್ತರ ವೈಜಿನಾಥರ ಮೇಲೆ ದೂರು ಕೊಟ್ಟರು. ಆತ ದೇಶದ್ರೋಹದ ಪಾಠ ಮಾಡುತ್ತಾನೆ, ಕೆಲಸದಿಂದ ತೆಗೆಯಬೇಕು ಎಂಬುದು ಅವರ ಪಟ್ಟು. ವಿಚಾರಣೆಗೆ ನನ್ನನ್ನು ಕಳಿಸಿದರು. ಔರಾದವರೆಗೆ ಬಸ್ಸು, ಮುಂದೆ ಎತ್ತಿನ ಗಾಡಿ.

ವೈಜಿನಾಥರು ಭಾಲ್ಕಿಯವರು. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರು ಅವರ ಸ್ವಂತ ಅಣ್ಣನನ್ನು ಕೊಂದಿದ್ದರು. ಅಂಥವರ ಮೇಲೆ ಇಂಥ ದೂರು ಹೇಗೆ ಬಂತೆಂದು ನನಗೆ ಹೊಳೆಯಲಿಲ್ಲ. ಅವರನ್ನೇ ಕೇಳಿದೆ.

“ಅಣ್ಣ ಹ್ಯಾಂಗ ಸತ್ತ ಅಂತ ಒಂದಿನ ಹೇಳಿದೆರಿ, ಮಕ್ಕಳು ಅತ್ತವು. ಮರುದಿನ, ಮಿಲಿಟ್ರಿ ಬಂದ ಮ್ಯಾಲ ಇದೇ ಊರ ಮಂದಿ ಸಾಬರ ಮನಿಗಳಿಗಿ ಬೆಂಕಿ ಹಚ್ಚಿದ್ದು, ಕಡದಿದ್ದು ಹೇಳಿದೆ. ಮೊದಲಿನ ಪಾಠಕ್ಕ ಯಾರೂ ಏನೂ ಅನ್ನಲಿಲ್ರಿ.”

ಗೌಡರನ್ನು ವಿಚಾರಿಸಿದೆ. “ಹಳೀ ಗಾಯ ಯಾಕ ಕೆದರಬೇಕ್ರಿ ಸಾಹೇಬ್ರ?” ಎಂದರು.

“ಮಾಸ್ತರ ಅಣ್ಣಂದೂ ಹಳೀ ಗಾಯಾನೇ ಅಲ್ಲೇನ್ರಿ?”

“ಅದು ಇತಿಹಾಸರಿ. ಇದು ಜಗಳ.”

ಮಾಸ್ತರರು ರಾಬಿಯಾ ಬೀ ಎಂಬ ಹೆಂಗಸನ್ನು ಸಾಕ್ಷಿಯಾಗಿ ಕರೆಸಿದ್ದರು. ಆಕೆಯ ಗಂಡ ಖಾಸಿಂ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದವನು. ಆ ಗಲಭೆಯಲ್ಲಿ ಅವನನ್ನು ಕೊಂದಾಗ ಮಗ ಇನ್ನೂ ಆಕೆಯ ಹೊಟ್ಟೆಯಲ್ಲಿದ್ದನಂತೆ. ನಾನು ಗೌಡರನ್ನು ಹೊರಗೆ ಕಳಿಸಿದೆ. ಅವರು ಬಾಗಿಲಿನ ಎದುರಿಗೇ ಕಟ್ಟೆಯ ಮೇಲೆ ಕೂತರು.

ರಾಬಿಯಾ ಬೀ ಸೆರಗನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. “ನಮ್ಮೂರಾಗ ಏನೂ ಆಗಿಲ್ರಿ ಸಾಬ್. ನಮ್ಮವ್ರು ದುಡಿಲಾಕ ಹೈದರಾಬಾದಕ್ಕ ಹೋಗ್ಯಾರ.”

ಹೆದರಬೇಡವೆಂದು ಹೇಳಿ ಮತ್ತೆ ಕೇಳಿದೆ. ಮತ್ತೆ ಅದೇ ಮಾತು ಹೇಳಿದಳು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು.

ಆಕೆ ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ. ವೈಜಿನಾಥರೇ ಸಮಾಧಾನ ಹೇಳಿದರು: “ಆಕಿಗಿ ಏನೂ ಅನ್ನಬ್ಯಾಡ್ರಿ. ನಾಳಿ ನೀವು ಬೀದರಕ್ಕ ಹೋಗ್ತೀರಿ. ಆಕಿ ಇಲ್ಲೇ ಬದುಕಬೇಕಲ್ರಿ.”

ಮಾಸ್ತರರು ಹೇಳಿದ್ದರಲ್ಲಿ ಸುಳ್ಳಿಲ್ಲ, ಸಾಕ್ಷಿ ಹೆದರಿ ಮಾತು ಬದಲಿಸಿದ್ದಾಳೆ ಎಂದು ನಾನು ವರದಿ ಬರೆದೆ. ನನಗೆ ಹಾಗೆ ಅನಿಸಿದ್ದಕ್ಕೆ ಆಧಾರವೇನು ಎಂದು ಮೇಲಿನವರು ಕೇಳಿದರು. ವೈಜಿನಾಥರನ್ನು ಕೆಲಸದಿಂದ ತೆಗೆದರು. ಅವರು ಭಾಲ್ಕಿಗೆ ಮರಳಿ ಸೋದರಮಾವನ ಅಂಗಡಿಯಲ್ಲಿ ಬಟ್ಟೆ ಅಳೆಯತೊಡಗಿದರು. ಆಮೇಲೆ ಅನೇಕ ಸಲ ಭೇಟಿಯಾದೆವು. ಮಳೆ, ಬೆಳೆ, ನೆಂಟರಿಷ್ಟರ ಮಾತಾಡಿದರು, ಶಾಲೆಯ ಸುದ್ದಿ ಒಮ್ಮೆಯೂ ಎತ್ತಲಿಲ್ಲ. ಗೌಡರು ಮಾತ್ರ ವರ್ಷ ವರ್ಷವೂ ಅದೇ ಶಾಲೆಯಲ್ಲಿ ಧ್ವಜ ಏರಿಸಿ, ಸ್ವಾತಂತ್ರ್ಯದ ಮೇಲೆ ಭಾಷಣ ಮಾಡುತ್ತ ಬಂದರು.

ನಾನು ನಿವೃತ್ತನಾಗುವ ಮೊದಲು ಬೀದರಿನಲ್ಲಿ ಮಾಸ್ತರ ಕೆಲಸಕ್ಕೆ ಸಂದರ್ಶನ ನಡೆಯಿತು. ಗೌಡರ ಆ ಊರಿನ ಹೆಸರು ಹೇಳುತ್ತ ಒಬ್ಬ ಹುಡುಗ ಬಂದ. ಹೆಸರು ಮಹಬೂಬ್, ತಂದೆ ಖಾಸಿಂ. ಚೆನ್ನಾಗಿ ಉತ್ತರಿಸಿದ. ಸಂದರ್ಶನ ಮುಗಿದ ಮೇಲೆ ವರಾಂಡದಲ್ಲಿ ಅವನನ್ನು ಕರೆದು ತಂದೆಯ ಬಗ್ಗೆ ಕೇಳಿದೆ.

ಅವನ ಮುಖ ಕೆಂಪಾಯಿತು. “ಆ ಮನುಷ್ಯನ ಹೆಸರ ಎತ್ತಬ್ಯಾಡ್ರಿ ಸರ್. ಅಮ್ಮಿ ಬಸುರಿ ಇದ್ದಾಗ ಬಿಟ್ಟು ಹೈದರಾಬಾದಕ್ಕ ಓಡಿಹೋಗ್ಯಾನ. ಅಲ್ಲಿ ಇನ್ನೊಂದು ಸಂಸಾರ ಮಾಡಿರಬೇಕು.”

ನಾನು ನನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಅವನು ಗೋಡೆಗೆ ಒರಗಿ ನೆಲದ ಮೇಲೆ ಕೂತ.

“ಸಣ್ಣಾವ ಇದ್ದಾಗಿಂದ ಅಪ್ಪಗ ಬೈಕೋತ ಬಂದೀನ್ರಿ. ಅಮ್ಮಿ ಅಂಜಿ ಹೇಳಿಲ್ಲ, ಖರೆ. ಸಾಲ್ಯಾಗರ ಯಾರರ ಒಬ್ರು ಹೇಳಬಾರದಾಗಿತ್ತೇನ್ರಿ?”

ಸ್ವತಂತ್ರ ದೇಶದಲ್ಲಿ ಇತಿಹಾಸ ಯಾಕೆ ಕಲಿಯಬೇಕು ಎಂದು ಇಡೀ ಸೇವೆಯಲ್ಲಿ ನಾನು ಎಷ್ಟೋ ಶಾಲೆಗಳಲ್ಲಿ ಉಪನ್ಯಾಸ ಕೊಟ್ಟಿದ್ದೆ. ಅವೆಲ್ಲ ಬರೀ ಮಾತು ಎಂದು ಅವತ್ತು ತಿಳಿಯಿತು. ತನ್ನ ತಂದೆ ಹೇಗೆ ಸತ್ತ ಎಂದು ಮಗು ಶಾಲೆಯಲ್ಲಿ ಕೇಳಬೇಕು, ಮಾಸ್ತರರು ಅಂಜದೆ ಉತ್ತರ ಕೊಡಬೇಕು. ಅಷ್ಟಾದರೆ ಸಾಕು, ಆ ಊರಿಗೆ ಸ್ವಾತಂತ್ರ್ಯ ಬಂದಿದೆ ಎನ್ನಬಹುದು. ಹೇಳುವವರು ಒಬ್ಬರಿದ್ದರು. ಅವರನ್ನು ನಾವು ಬಟ್ಟೆ ಅಳೆಯಲು ಕಳಿಸಿದ್ದೆವು.