ಮಡಿವಾಳೆಪ್ಪನ ಕಾರಿನ ತಂಬೂರಿ

ಗುಡಗೇರಿ ಸ್ಟೇಶನ್ನಿನ ಹೊರಗೆ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರ್ ಮಡಿವಾಳೆಪ್ಪನದು. ಊರಿನ ಬಸುರಿಯರು, ಮದುಮಕ್ಕಳು, ಕಾಳಿನ ದಲಾಲರು, ಹಲ್ಲು ಕೀಳಿಸಿಕೊಳ್ಳಲು ಹೊರಟವರು, ಎಲ್ಲರೂ ಒಂದಲ್ಲ ಒಂದು ಸಲ ಅದರ ಹಿಂದಿನ ಸೀಟಿನಲ್ಲಿ ಕೂತೇ ಹುಬ್ಬಳ್ಳಿ ಮುಟ್ಟಿದವರು. ಯಾರೇ ಕೂತಿರಲಿ, ಕುಂದಗೋಳ ದಾಟುವುದರೊಳಗೆ ಅವನು ಕತ್ತು ಹೊರಳಿಸಿ ಕೇಳುವ ಮಾತು ಒಂದೇ: "ತಂಬೂರಿ ಕೇಳಸ್ತೈತೇನ್ರಿ?"

"ಮುಂದ ನೋಡಿ ಹೊಡಿಯೋ ತಮ್ಮಾ" ಎನ್ನುತ್ತಿದ್ದರು ಹಿಂದೆ ಕೂತವರು.

ಅವನ ಹೆಂಡತಿ ಶಿವಗಂಗಾಳ ಅಭಿಪ್ರಾಯವೂ ಅದೇ. ಹುಬ್ಬಳ್ಳಿಯಲ್ಲಿ ಮೆಟ್ರಿಕ್ ತನಕ ಓದಿ, ಗುಡಗೇರಿಗೆ ಬಂದು ಸಣ್ಣ ವಯಸ್ಸಿಗೇ ಶಿವಗಂಗವ್ವ ಆದವಳು. ಮಗಳು ಹುಟ್ಟಿದ ಮೇಲಂತೂ ಅವಳಿಗೆ ಈ ಜಗತ್ತಿನ ತುಂಬ ಬರೀ ಚೂಪು ಮೂಲೆಗಳೇ ಇವೆ ಅನಿಸತೊಡಗಿತ್ತು. ತೊಟ್ಟಿಲ ಹಗ್ಗ, ಎಮ್ಮೆಯ ಕೊಂಬು, ಚಿಮಣಿ, ಕಾರಿನ ಬಾಗಿಲು. ಬಾಗಿಲು ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡುವಳು. ಎಳೆದದ್ದಕ್ಕೇ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಎಳೆಯುವಳು. ಇಂಥವಳಿಗೆ ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿ "ಆಹಾ" ಅನ್ನುವ ಗಂಡ ಸಿಕ್ಕಿದ್ದ.

ಮಡಿವಾಳೆಪ್ಪನಿಗೆ ಹಾಡಲು ಬರುತ್ತಿರಲಿಲ್ಲ. ದೇವರ ಮುಂದೆ ಆರತಿ ಹಾಡಿದರೂ ಅವನ ತಾಯಿ ಗುರವ್ವ "ಸಾಕು ಬಿಡಪಾ, ದೇವರಿಗೆ ಮುಟ್ಟೇತಿ" ಎಂದು ತಡೆಯುತ್ತಿದ್ದಳು. ಆದರೆ ಅವನಪ್ಪ ಒಂದು ಕಾಲಕ್ಕೆ ಕುಂದಗೋಳದ ಗಾಯನಕ್ಕೆ ಬರುವ ಗವಾಯಿಗಳನ್ನು ಚಕ್ಕಡಿಯಲ್ಲಿ ಕರೆದು ತರುತ್ತಿದ್ದ. ಆಗ ಹಿಂದೆ ಕೂತು ಹೊದೆಯುವ ಲೇಪು ಸುತ್ತಿದ ತಂಬೂರಿಯನ್ನು ಅಪ್ಪಿ ಹಿಡಿಯುವ ಕೆಲಸ ಮಡಿವಾಳನದು. ಚಕ್ಕಡಿ ಎತ್ತಿ ಹಾಕಿದಾಗೆಲ್ಲ ಲೇಪಿನೊಳಗೆ ತಂತಿಗಳು ತಮ್ಮಷ್ಟಕ್ಕೆ ತಾವೇ ಗುಂಯ್ ಎಂದು, ಆ ಗುಂಯ್‌ಕಾರ ಅವನ ಎದೆಗೂಡಿಗೆ ಇಳಿಯುತ್ತಿತ್ತು. ಅದು ಇಳಿದದ್ದು ಮತ್ತೆ ಹೊರಗೆ ಬರಲೇ ಇಲ್ಲ. ಚಕ್ಕಡಿ ಹೋಗಿ ಕಾರು ಬಂದಾಗ ಗಾಯನದ ಕಮಿಟಿಯವರು ಅಪ್ಪನ ಕೆಲಸವನ್ನು ಮಗನಿಗೇ ಕೊಟ್ಟರು.

ಕಾರು ಹುಬ್ಬಳ್ಳಿಯ ಡಾಕ್ಟರರೊಬ್ಬರ ಕೈಯಿಂದ ಬಂದದ್ದು. ಅದರ ಜೊತೆಗೇ ಬಂದ ಸ್ಪೀಕರು ಒಂದೇ ಒಂದು, ಮುಂದಿನ ಡ್ಯಾಶ್‌ಬೋರ್ಡಿನೊಳಗೆ ಹುದುಗಿಕೊಂಡಿತ್ತು. ವಯಸ್ಸಾಗಿತ್ತು, ಧೂಳು ಕುಡಿದಿತ್ತು. ಡಾಕ್ಟರರು ಅದರಲ್ಲಿ ವಾರ್ತೆ ಬಿಟ್ಟು ಬೇರೆ ಏನೂ ಕೇಳಿದವರಲ್ಲ. ಹಾಗಾಗಿಯೋ ಏನೋ, ಮಡಿವಾಳೆಪ್ಪ ಟೇಪು ಕೂಡಿಸಿದ ಮೇಲೆ ಎಂಥ ಗವಾಯಿ ಹಾಡಿದರೂ ಮೂಗು ಕಟ್ಟಿದವರು ಪೇಟೆ ಧಾರಣಿ ಓದಿದ ಹಾಗೆ ಕೇಳುತ್ತಿತ್ತು. ತಂಬೂರಿಯಂತೂ ಇಲ್ಲವೇ ಇಲ್ಲ.

ಹೋದ ವರ್ಷ ಮಿರಜದ ಬುವಾ ಬಂದಿದ್ದರು. ಎಂಬತ್ತರ ಹಿರಿಯ ಗವಾಯಿ, ಇನ್ನೂ ಕಂಚಿನಂಥ ದನಿ. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಅವರನ್ನು ಹತ್ತಿಸಿಕೊಂಡ ಮಡಿವಾಳೆಪ್ಪ ಭಕ್ತಿಯಿಂದ ಅವರದೇ ಮುಲ್ತಾನಿ ರಾಗದ ಕ್ಯಾಸೆಟ್ ಹಾಕಿದ. ಬುವಾ ಬಹಳ ಹೊತ್ತು ಕೇಳಿದರು. ಶೆರೇವಾಡ ದಾಟಿದ ಮೇಲೆ ಮುಂದಕ್ಕೆ ಬಾಗಿದರು.

"ಯಾರಪಾ ಇವರು? ತಯಾರಿ ಛಲೋ ಅದ. ಆದ್ರ ಪಾಪ, ಎದಿಯೊಳಗ ಕಫ ಕಟ್ಟೇದ. ಆಡುಸೋಗಿ ಕಷಾಯ ಕುಡೀಲಿಕ್ಕೆ ಹೇಳು."

"ಹೇಳ್ತೀನ್ರಿ" ಎಂದಿದ್ದ ಮಡಿವಾಳೆಪ್ಪ. ಮತ್ತೇನನ್ನಬೇಕು?

ಮನೆಗೆ ಬಂದು ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಊಟ ಮಾಡುತ್ತಾ ಮಾಡುತ್ತಾ ಥಟ್ಟನೆ "ಹೇಳ್ತೀನ್ರಿ" ಎಂದು ತನಗೆ ತಾನೇ ಅಂದುಕೊಂಡು ತಲೆ ಚಚ್ಚಿಕೊಳ್ಳುವನು. ಈಗ ಬುವಾ ಮತ್ತೆ ಬರುತ್ತಾರೆ ಎಂದು ಕಮಿಟಿಯಿಂದ ಸುದ್ದಿ ಬಂದಾಗ ಅವನು ಹೆಂಡತಿಯನ್ನು ಎದುರು ಕೂರಿಸಿಕೊಂಡು ಹೇಳಿದ, "ನೋಡು, ಈ ಸಲ ಬುವಾಗ ತಮ್ಮ ಧ್ವನಿ ತಮಗ ಗುರ್ತ ಸಿಗಬೇಕು. ಸಿಗಲಿಲ್ಲಂದ್ರ ಆ ಟೇಪ ಕಿತ್ತು ಕೆರಿಗೆ ಒಗೀತೀನಿ. ಇನ್ನ ಮ್ಯಾಲ ಈ ಮನ್ಯಾಗ ಗಾಯನದ ಹೆಸರಿಲ್ಲ."

"ಅಯ್ಯ, ಹಂಗಂದ್ರ ಹೆಂಗ್ರಿ?" ಎಂದಳು ಶಿವಗಂಗಾ. ಗಾಯನ ಬಿಟ್ಟ ಮಡಿವಾಳೆಪ್ಪ ಹೇಗಿರುತ್ತಾನೆಂದು ಆ ಮೂರು ದಿನ ನೋಡಿದ್ದಳು. ಆ ಗಂಡನ ಜೊತೆಗೆ ಇಡೀ ಜನ್ಮ ಕಳೆಯುವುದು ಅವಳಿಂದ ಆಗದ ಮಾತು.

ಮಾರನೆಯ ದಿನ ಹುಬ್ಬಳ್ಳಿಯಿಂದ ಎರಡು ದೊಡ್ಡ ಸ್ಪೀಕರು ಬಂದವು. ಮೊಟ್ಟೆಯಾಕಾರದವು, ಒಂದೊಂದೂ ಜೋಳದ ರೊಟ್ಟಿಯಷ್ಟು ಅಗಲ. ಅವನ್ನು ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಕೂರಿಸಿ, ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯ ಮೇಲೆ ಬಿಗಿಯಬೇಕು. ದನಿ ಗಂಭೀರ ಬರಬೇಕಾದರೆ ಪೆಟ್ಟಿಗೆಯೊಳಗೆ ಕಾಳು ತೆಗೆದು ಪಿಂಜಿದ ಹತ್ತಿ, ಅಂದರೆ ಅರಳಿ, ತುಂಬಬೇಕು, ಪಿಂಜಾರರ ಅಂಗಡಿಯಲ್ಲಿ ಸಿಗುತ್ತದೆ ಎಂದು ಸ್ಪೀಕರು ಕೊಟ್ಟ ಮಿಸ್ತ್ರಿ ಹೇಳಿ ಕಳಿಸಿದ್ದ.

"ನನಗ ಹತ್ತಿ ಪಾಠ ಹೇಳ್ತಾನವ!" ಎಂದು ಮಡಿವಾಳೆಪ್ಪ ನಕ್ಕ. "ನಮ್ಮ ಎರಿಹೊಲದಾಗ ಬೆಳ್ಳಗ ಬಿದ್ದೈತಿ. ಅಂಗಡಿ ಅರಳಿ ಅಂದ್ರ ಜೀವ ಹೋದ ಮಾಲು. ಯವ್ವಾ, ಚೀಲ ಎಲ್ಲೈತಿ?"

ಗುರವ್ವ ದೇವರ ಬತ್ತಿ ಮಾಡಲು ಇಟ್ಟುಕೊಂಡಿದ್ದ ಚೀಲ ಎಳೆದು ತಂದಳು. ಅರ್ಧ ಬಿಡಿಸಿದ ಹತ್ತಿ, ಬಿಡಿಸಿ ಹಾಕಿದ ಕಾಳು, ಒಣಗಿದ ಕಾಯಿಯ ಸಿಪ್ಪೆ ಎಲ್ಲವೂ ಅದೇ ಚೀಲದಲ್ಲಿ ಕೂಡಿ ಬಾಳುತ್ತಿದ್ದವು.

"ಕಾಳು ಆರಿಸಬೇಕಲ್ರಿ?" ಎಂದಳು ಶಿವಗಂಗಾ.

"ಕಾಳಿದ್ರ ತೂಕ ಬರ್ತೈತಿ, ಧ್ವನಿಗೆ ವಜನ ಬರ್ತೈತಿ" ಎಂದಳು ಗುರವ್ವ, ಜೀವಮಾನವೆಲ್ಲ ಸ್ಪೀಕರು ತುಂಬಿದವಳಂತೆ.

ಶಿವಗಂಗಾ ಆ ಮಾತು ಅಲ್ಲಿಗೇ ಬಿಟ್ಟಳು. ಅವಳ ಚಿಂತೆ ಬೇರೆ ಇತ್ತು. ಬ್ರೇಕು ಒತ್ತಿದರೆ ಈ ಪೆಟ್ಟಿಗೆ ಕೂಸಿನ ತಲೆಯ ಮೇಲೆ ಬಂದರೆ? ವಾಯರು ಬಿಸಿಯಾದರೆ? "ಸ್ಕ್ರೂ ಇನ್ನೊಂದ ನಾಕು ಹೊಡೀರಿ" ಎಂದು ಬೆನ್ನು ಹತ್ತಿ ಹೊಡೆಸಿದಳು. ಅವಳ ಅಂಜಿಕೆಯ ಪುಣ್ಯದಿಂದ ಪೆಟ್ಟಿಗೆಗಳು ಕಾರಿನ ಒಂದು ಅಂಗವೇ ಆಗಿಹೋದವು.

ಮೊದಲ ಸಲ ಹಚ್ಚಿದಾಗ ಓಣಿಗೆ ಓಣಿಯೇ ಕಾರಿನ ಸುತ್ತ ನಿಂತಿತ್ತು. ತಂಬೂರಿ ಬಂತು. ನಿಜವಾಗಿ ಬಂತು. ಮಡಿವಾಳೆಪ್ಪ ಎದೆಯ ಮೇಲೆ ಕೈ ಇಟ್ಟುಕೊಂಡ. ಬುವಾರ ದನಿ ನಿಧಾನವಾಗಿ ಎದ್ದಿತು. ಆಮೇಲೆ ತಬಲಾದವನು ಎಡಗೈ ಡಗ್ಗಾದ ಮೇಲೆ ಇಟ್ಟ.

ಧಿಂ. ಜಲ್!

ಧಾ. ಜಲ್ ಜಲ್!

"ಯಾರಲೇ ಗೆಜ್ಜಿ ಕಟ್ಟಿದವರು?" ಎಂದ ಅಬ್ದುಲ್‌ಸಾಬ. ಅವನದು ಸ್ಟೇಶನ್ನಿನ ಇನ್ನೊಂದು ಟ್ಯಾಕ್ಸಿ, ಹಸಿರು ಫಿಯೆಟ್. ಹಗಲೆಲ್ಲ ಮಡಿವಾಳೆಪ್ಪನ ಜೊತೆ ಗಿರಾಕಿಗಾಗಿ ಜಗಳ, ಸಂಜೆಗೆ ಇಬ್ಬರೂ ಒಂದೇ ಚಹಾದಂಗಡಿ. "ಬುವಾ ಹಾಡ್ತಾರೋ, ಬಯಲಾಟ ನಡದೈತೋ ಮಡಿವಾಳಾ?"

ಅಲ್ಲಿಂದ ಶುರುವಾಯಿತು ಹುಡುಕಾಟ. ನಂಬರ್ ಪ್ಲೇಟು ಬಿಗಿದರು. ಚಕ್ರದ ಟೊಪ್ಪಿಗೆ ಕಳಚಿದರು. ಸೀಟಿನ ಸಂದಿಯಲ್ಲಿ ಕೂಸಿನ ಗಿಲಕಿ ಬಿದ್ದಿರಬೇಕೆಂದು ಸೀಟನ್ನೇ ಹೊರಗೆ ತೆಗೆದರೆ ಒಂದು ಸೇಫ್ಟಿ ಪಿನ್ನು ಸಿಕ್ಕಿತು. ಅದನ್ನು ಕಂಡ ಶಿವಗಂಗಾಗೆ, ಕೂಸು ಇದನ್ನು ನುಂಗಿದ್ದರೆ ಎಂದು ಆ ದಿನವೆಲ್ಲ ಅನ್ನ ಸೇರಲಿಲ್ಲ. ಸದ್ದು ಮಾತ್ರ ಹಾಗೇ ಇತ್ತು. ಅಂಗಳದಲ್ಲಿ ನಿಂತ ಕಾರಿನೊಳಗೆ ಬುವಾ ಮುಲ್ತಾನಿ ಹಾಡುವರು, ಡಗ್ಗಾ ಜಲ್ ಎನ್ನುವುದು, ಮಡಿವಾಳೆಪ್ಪ ಸ್ಕ್ರೂಡ್ರೈವರ್ ಹಿಡಿದು ಬಾಗುವನು.

ಇದರ ನಡುವೆ ಇನ್ನೊಂದು ಸೋಜಿಗ. ಮನೆಯ ಎಮ್ಮೆ ಹಗ್ಗ ಜಗ್ಗಿ ಜಗ್ಗಿ ಕಾರಿನ ಕಡೆ ಮುಖ ಮಾಡಿ ನಿಲ್ಲತೊಡಗಿತು. ಮೇವು ಹಾಕಿದರೂ ಅತ್ತ ತಿರುಗದು. ಕಿವಿ ನಿಮಿರಿಸಿ, ಮೂಗು ಅರಳಿಸಿ, ಕಣ್ಣು ಅರ್ಧ ಮುಚ್ಚಿ ನಿಲ್ಲುವುದು.

"ನಮ್ಮ ಎಮ್ಮಿಗೆ ಗಾನ ಹಿಡಿಸೇತಿ!" ಎಂದು ಗುರವ್ವ ಸಾರಿದಳು. ಹಾಲು ಹೆಚ್ಚಾಗಿದೆ ಎಂದೂ ಸೇರಿಸಿದಳು. ಬಾಜು ಮನೆಯ ಫಾತಿಮಾಬಿ ತನ್ನ ಬರಡು ಎಮ್ಮೆಯನ್ನೂ ಕಾರಿನ ಹತ್ತಿರ ತಂದು ನಿಲ್ಲಿಸಿದಳು. "ಹೆಂಗೂ ಹಚ್ಚೀರಿ, ಇದಕ್ಕೂ ಸ್ವಲ್ಪ ಬೀಳಲಿ ಬಿಡ್ರಿ."

ಬುವಾ ಬರುವ ದಿನ ಬೆಳಗಾಯಿತು. ಮಧ್ಯಾಹ್ನದ ಗಾಡಿಗೆ ಹುಬ್ಬಳ್ಳಿಯಲ್ಲಿರಬೇಕು. ಕೂಸಿಗೆ ಲಸಿಕೆಯ ಡೋಸು ಹಾಕಿಸುವುದಿತ್ತು, ಹಾಗಾಗಿ ಶಿವಗಂಗಾಳೂ ಹೊರಟಿದ್ದಳು. ಕಾರು ತೊಳೆದು, ಆರಲೆಂದು ಕಿಟಕಿ ಇಳಿಸಿ, ಮಡಿವಾಳೆಪ್ಪ ಜಳಕಕ್ಕೆ ಹೋಗಿದ್ದ. ಅಷ್ಟರಲ್ಲಿ ಅಂಗಳದಿಂದ ಕಟ್ಟಿಗೆ ಮುರಿದ ಸದ್ದು.

ಶಿವಗಂಗಾ ಕೂಸನ್ನು ಅವಚಿಕೊಂಡು ಓಡಿ ಬಂದು ನೋಡುತ್ತಾಳೆ: ಎಮ್ಮೆ ಗೂಟ ಕಿತ್ತುಕೊಂಡು, ಹಿಂದಿನ ಕಿಟಕಿಯಿಂದ ತಲೆಯನ್ನು ಕಾರಿನೊಳಗೆ ಹೆಟ್ಟಿದೆ. ಹಿಂದಕ್ಕೆ ಮಲಗಿದ ಕೊಂಬುಗಳು ಒಳಗೆ ಹೋಗುವಾಗ ಸುಮ್ಮನೆ ಹೋಗಿದ್ದವು, ಈಗ ಬರಲೊಲ್ಲವು. ಮಡಿವಾಳೆಪ್ಪ ಮೈಮೇಲೆ ಸೋಪಿನ ನೊರೆ, ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಓಡಿ ಬಂದ. ಚೀರಾಟ ಕೇಳಿ ಅಬ್ದುಲ್‌ಸಾಬನೂ ಬಂದ.

"ಬಾಗಲಾ ತಗೀಲೇ!" ಎಂದ ಅಬ್ದುಲ್‌ಸಾಬ.

"ತಗದ್ರ ಎಮ್ಮಿ ಬಾಗಲಾ ಹಾಕ್ಕೊಂಡ ಊರ ತುಂಬ ಅಡ್ಡಾಡ್ತೈತೋ!"

"ಕಿವಿ ಮಡಚು, ಕಿವಿ!"

"ಯಾರದು?"

"ನಂದೇನೋ ಮತ್ತ? ಎಮ್ಮೀದು!"

ಒಬ್ಬ ಕಾರಿನೊಳಗಿನಿಂದ ನೂಕಿ, ಇನ್ನೊಬ್ಬ ಹಿಂದಿನಿಂದ ಬಾಲ ಜಗ್ಗಿ, ಕೊನೆಗೆ ತಲೆಯನ್ನು ಓರೆ ಮಾಡಿ ಎಳೆದಾಗ ಎಮ್ಮೆ ಹೊರಗೆ ಬಂತು. ಬಂದದ್ದೇ ಏನೂ ಆಗಿಲ್ಲವೆಂಬಂತೆ ಮೆಲುಕು ಹಾಕುತ್ತಾ ನಿಂತಿತು. ಅದರ ತುಟಿಯ ಮೇಲೆ ಬಿಳೀ ಎಳೆಗಳು. ನಾಲಿಗೆ ಹೊರಗೆ ಚಾಚಿದಾಗ ಶಿವಗಂಗಾಗೆ ಕಂಡಿತು: ಹತ್ತಿಕಾಳು.

"ಅಯ್ಯ ಶಿವನ, ಗಾನ ಅಲ್ರೀ!" ಎಂದಳು ಅವಳು. "ಇದಕ್ಕ ಕಾಳಿನ ವಾಸನಿ ಹತ್ತೇತಿ. ಜಲ್ ಜಲ್ ಅನ್ನೂದೂ ಅದs. ಪೆಟಗಿ ತಳಕ್ಕ ಬಿದ್ದ ಕಾಳು ಕುಣ್ಯಾಕತ್ತಾವು!"

ಎಲ್ಲರೂ ಗುರವ್ವನ ಕಡೆ ನೋಡಿದರು. ಗುರವ್ವ ಎಮ್ಮೆಯ ಕಡೆ ನೋಡಿದಳು.

ಒಂದು ಪೆಟ್ಟಿಗೆಯ ಬೆನ್ನ ಹಲಗೆ ಮುರಿದಿತ್ತು. ಸ್ಪೀಕರಿಗೆ ಏನೂ ಆಗಿರಲಿಲ್ಲ. ಅಬ್ದುಲ್‌ಸಾಬ ಚಹಾಪುಡಿ ತುಂಬಿ ಬರುವ ಕಟ್ಟಿಗೆಯ ಖೋಕಿಯ ಹಲಗೆ ತಂದು ಮೊಳೆ ಹೊಡೆದ. ಎರಡೂ ಪೆಟ್ಟಿಗೆಯ ಹತ್ತಿಯನ್ನು ಎಮ್ಮೆಯ ಮುಂದೆ ಸುರಿದದ್ದಾಯಿತು. ಆದರೆ ಈಗ ತುಂಬುವುದೇನು? ಪಿಂಜಾರರ ಅಂಗಡಿ ಹುಬ್ಬಳ್ಳಿಯಲ್ಲಿ. ಅಲ್ಲಿ ಹೋಗಿ ಪೆಟ್ಟಿಗೆ ಬಿಚ್ಚಿ ಕೂರಲು ವೇಳೆಯಿಲ್ಲ. ಮಡಿವಾಳೆಪ್ಪ ಒದ್ದೆ ಟವೆಲ್ಲಿನಲ್ಲೇ ಕಾರಿನ ತೆರೆದ ಬಾಗಿಲಂಚಿನ ಮೇಲೆ ಕೂತ.

"ಬಿಡ್ರಿ. ಟೇಪ ಹಚ್ಚೂದs ಬ್ಯಾಡ. ಹಂಗs ಕರಕೊಂಡ ಬರ್ತೀನಿ. ಬಂದ ಮ್ಯಾಲ ಕೆರಿಗೆ ಒಗದ ಬಿಡ್ತೀನಿ."

ಅವನ ಕಿವಿಯ ಹಿಂದೆ ಸೋಪಿನ ನೊರೆ ಇನ್ನೂ ಇತ್ತು. ಶಿವಗಂಗಾ ಒಮ್ಮೆ ಅದನ್ನು ನೋಡಿದಳು, ಒಮ್ಮೆ ತೊಟ್ಟಿಲು ನೋಡಿದಳು. ತೊಟ್ಟಿಲಲ್ಲಿ ಅವಳ ತವರಿನಿಂದ ಬಂದ ಪುಟ್ಟ ಗಾದಿಯಿತ್ತು. ಅವಳ ತಾಯಿ ಒಂದೊಂದು ಎಳೆ ಕೈಯಿಂದ ಹಿಂಜಿ, ಗಂಟಿಲ್ಲ, ಕಸವಿಲ್ಲ, ಬೆಣ್ಣೆಯಂಥ ಅರಳಿ ತುಂಬಿ ಹೊಲಿದದ್ದು. ಅದರ ಮೇಲೆ ಬೇರೆ ಯಾರ ಕೂಸನ್ನೂ ಮಲಗಿಸಲು ಬಿಡದವಳು, ಕೂಸನ್ನು ಗುರವ್ವನ ಕೈಗೆ ಕೊಟ್ಟು, ಕತ್ತರಿ ತಂದು ಗಾದಿಯ ಹೊಲಿಗೆಗೆ ಹಾಕಿದಳು. ಹಾಕುತ್ತಾ ಬಯ್ಯುತ್ತಲೇ ಇದ್ದಳು.

"ಕೂಸಿಗೆ ಬೆನ್ನ ನೋವು ಬಂದ್ರ ನೀವs ರಾತ್ರೆಲ್ಲಾ ಎತಗೊಂಡ ಅಡ್ಡಾಡಬೇಕು. ನೆಗಡಿ ಬಂದ್ರ ನೀವs ದವಾಖಾನಿಗೆ ಹೋಗಬೇಕು. ಮೊದಲ ಆ ಕಿವಿ ಹಿಂದಿನ ಸೋಪ ತೊಳಕೋರಿ."

ಹುಬ್ಬಳ್ಳಿಯಲ್ಲಿ ಬುವಾ ಗಾಡಿಯಿಂದಿಳಿದರು. ಶಿಷ್ಯರು ವಾದ್ಯಗಳ ಜೊತೆಗೆ ಪ್ಯಾಸೆಂಜರ್ ಗಾಡಿ ಹಿಡಿದರು. ಬುವಾ ಒಬ್ಬರೇ ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತರು. ಮುಂದೆ ಶಿವಗಂಗಾ. ಡೋಸು ಹಾಕಿಸಿಕೊಂಡ ಕೂಸು ಅತ್ತು ಅತ್ತು ತೊಡೆಯ ಮೇಲೆ ಬಿಕ್ಕುತ್ತಿತ್ತು. ಊರ ಹೊರಗೆ ಬಂದ ಮೇಲೆ ಮಡಿವಾಳೆಪ್ಪ ಕ್ಯಾಸೆಟ್ ತಳ್ಳಿದ.

ಮೊದಲು ತಂಬೂರಿ. ಹಿಂದಿನಿಂದ ಬಂದು, ಸೀಟಿನ ಬೆನ್ನಿನಿಂದ ಅವಳ ಬೆನ್ನಿಗೆ ಹತ್ತಿತು. ಆಮೇಲೆ ದನಿ. ಆಮೇಲೆ ಡಗ್ಗಾ: ಧಿಂ. ಬರೀ ಧಿಂ.

ಶೆರೇವಾಡ ಬಂತು. ಮಡಿವಾಳೆಪ್ಪ ಕನ್ನಡಿಯಲ್ಲಿ ಬುವಾರ ಮುಖ ನೋಡಿದ.

"ಬಂದ ಮಾಡು!" ಎಂದರು ಬುವಾ.

ಮಡಿವಾಳೆಪ್ಪ ಆರಿಸಿದ. ಅವನ ಮುಖ ನೋಡಲಾಗದೆ ಶಿವಗಂಗಾ ಕಿಟಕಿಯ ಹೊರಗೆ ನೋಡಿದಳು.

"ಈ ರಿಷಭ ಕೇಳಿದೇನು? ಏರೇದ. ಕೂದಲೆಳಿಯಷ್ಟ ಏರೇದ! ಮುಲ್ತಾನಿಯೊಳಗ ರಿಷಭ ಎಲ್ಲಿರಬೇಕಂತ ಶಿಷ್ಯಂದಿರ ಕಿವಿ ಹಿಂಡಿ ಹಿಂಡಿ ಹೇಳೀನಿ, ಇಲ್ಲಿ ನಾನs ತಪ್ಪೀನಿ! ಇದನ್ನ ಊರ ತುಂಬ ಕೇಳಿಸೀಯೇನಪಾ ನೀ!"

ಮಡಿವಾಳೆಪ್ಪ ಕತ್ತು ಹೊರಳಿಸಿದ. "ಅಂದ್ರ... ಗುರ್ತ ಸಿಕ್ತೇನ್ರಿ? ಯಾರದಂತ?"

"ಗುರ್ತ? ನನ್ನ ಧ್ವನಿ ನನಗ ಗುರ್ತ ಸಿಗೂದಿಲ್ಲೇನಪಾ? ನನ್ನ ಉಸಿರು ಸುದ್ದಾ ಕೇಳಸ್ತದ ಇದರೊಳಗ!"

ಮಡಿವಾಳೆಪ್ಪ ಹೆಂಡತಿಯ ಕಡೆ ತಿರುಗಿ ನಕ್ಕ ನಗೆಗೆ ಕಾರು ರಸ್ತೆ ಬಿಟ್ಟು ಇಳಿಯುವುದರಲ್ಲಿತ್ತು. "ಮುಂದ ನೋಡ್ರೀ!" ಎಂದು ಅವಳು ಚೀರಿದಳು.

ಹಿಂದೆ ಬುವಾ ಕಿವಿಯ ಮೇಲೆ ಕೈ ಇಟ್ಟುಕೊಂಡು, ತಪ್ಪಿದ ಜಾಗವನ್ನು ಹುಡುಕುತ್ತಾ ಮೆಲ್ಲಗೆ ದನಿ ತೆಗೆದರು. ಒಮ್ಮೆ ಮುಟ್ಟಿದರು, ಒಲ್ಲೆನೆಂದು ತಲೆ ಅಲ್ಲಾಡಿಸಿದರು, ಮತ್ತೆ ಕೆಳಗಿನಿಂದ ಹತ್ತಿದರು. ಸಿಕ್ಕಿತು. ಸಿಕ್ಕಿದ್ದನ್ನು ಬಿಡದೆ ಅಲ್ಲೇ ಆಡತೊಡಗಿದರು. ಕಾರಿನ ತುಂಬ ಮುಲ್ತಾನಿ. ಮಡಿವಾಳೆಪ್ಪ ಗೇರು ಇಳಿಸಿದ. ಅವರನ್ನು ಒಂದು ಚಕ್ಕಡಿ ಹಿಂದೆ ಹಾಕಿತು. ಒಂದು ಸೈಕಲ್ಲು ಹಿಂದೆ ಹಾಕಿತು.

ಕುಂದಗೋಳ ಬಂತು. ರಸ್ತೆಯ ಬದಿಗೆ ಕಮಿಟಿಯವರು ಹಾರ ಹಿಡಿದು ನಿಂತಿದ್ದರು. ಶಿವಗಂಗಾ ನೋಡಿದಳು. ಅವರು ಕೈ ಎತ್ತಿದ್ದನ್ನೂ, ಕೈ ಎತ್ತಿದವರು ಬಾಯಿ ತೆರೆದು ಹಿಂದೆ ಉಳಿದದ್ದನ್ನೂ ನೋಡಿದಳು. ಕಾರು ನಿಲ್ಲಲಿಲ್ಲ. ಊರು ದಾಟಿ ಮುಂದಿನ ಸಂಶಿಯ ದಾರಿ ಹಿಡಿಯಿತು.

ಸ್ವಲ್ಪ ಹೊತ್ತಿನ ಮೇಲೆ ಬುವಾ ಹಾಡು ನಿಲ್ಲಿಸಿ ಹೊರಗೆ ನೋಡಿದರು. "ಕುಂದಗೋಳ ಇನ್ನೂ ದೂರ ಅದ ಏನಪಾ?"

"ಬಂತ್ರಿ, ಇನ್ನ ಬಂದs ಬಿಡ್ತು" ಎಂದ ಮಡಿವಾಳೆಪ್ಪ, ಕಣ್ಣಂಚಿನಿಂದ ಹೆಂಡತಿಯನ್ನು ನೋಡುತ್ತಾ.

ಅವಳ ತೊಡೆಯ ಮೇಲೆ ಕೂಸು ಎರಡೂ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಲಗಿತ್ತು.

"ಸಾವಕಾಶ ಹೋಗ್ರಿ" ಎಂದಳು ಶಿವಗಂಗಾ. "ಕೂಸಿಗೆ ಈಗರ ನಿದ್ದಿ ಹತ್ತೇತಿ."