ತಮ್ಮನ ಅಳತೆಯ ಕೋವಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ಶೆಡ್ಡಿನಲ್ಲಿ, ಕಿಟಕಿಗೆ ಮುಖ ಮಾಡಿ ಅವರು ನಿಂತಿದ್ದಾರೆ. ಎದುರಿನ ಮೇಜಿನಲ್ಲಿ ಹಳೆಯ ಟವೆಲ್ ಸುತ್ತಿ ಬಿಗಿದ ಕೋವಿ, ಕೈಯಲ್ಲಿ ಗರಗಸ. ಗರಗಸದ ಹಲ್ಲು ಮರಕ್ಕೆ ತಾಗಿದೆ, ಕೈ ಮಾತ್ರ ಅಲುಗುತ್ತಿಲ್ಲ. ಬೆನ್ನ ಹಿಂದೆ ಬಾಗಿಲು ಗಾಳಿಗೆ ದಬ್ಬೆಂದು ಬಡಿದುಕೊಳ್ಳುತ್ತದೆ, ಕಿರ್ರೆಂದು ತೆರೆಯುತ್ತದೆ, ಮತ್ತೆ ಬಡಿದುಕೊಳ್ಳುತ್ತದೆ.

“ನಾಲ್ಕೈದು ದಿನದಿಂದ ಇದೇ ಕಥೆ ನೋಡಿ” ಎಂದು ಟೀ ಲೋಟ ಹಿಡಿದು ಬಂದ ಹೆಂಡತಿ ಕೋವಿ ನೋಡಲು ಬಂದವರೆದುರು ದೂರುತ್ತಾರೆ. “ಗರಗಸ ಎತ್ಕೊಳ್ಳೋದು, ಕೆಳಗಿಡೋದು. ಇಷ್ಟು ಹೊತ್ತಿಗೆ ನಾನಾಗಿದ್ರೆ ಹಲ್ಲಲ್ಲೇ ಕಡಿದು ಮುಗಿಸ್ತಿದ್ದೆ.”

“ಕೈ ಬರ್ತಿಲ್ಲ ಕಣೇ” ಎನ್ನುತ್ತಾರೆ ಅವರು. ಅಷ್ಟೇ. ಆಕೆ ಲೋಟವನ್ನು ಕಿಟಕಿಯಲ್ಲಿಟ್ಟು, ಗಂಡನ ಬೆನ್ನ ಮೇಲೊಮ್ಮೆ ಕೈಯಾಡಿಸಿ ಒಳಗೆ ಹೋಗುತ್ತಾರೆ.

ಬೀದಿಯವರಿಗೆಲ್ಲ ಇವರು ಮಸಿಮಾಮ. ಉಗುರಿನ ಸಂದಿ, ಬೆರಳ ಗೆರೆ, ಕೆಲವೊಮ್ಮೆ ಮೂಗಿನ ತುದಿ, ಎಲ್ಲೆಲ್ಲೂ ಮಸಿ. ಹಳೆಯ ಕೋವಿಗಳಿಗೆ ಹೊಸದಾಗಿ ಮರ ಕೂರಿಸುವುದು ಇವರ ಕೆಲಸ. ಕೋವಿಯ ಕಬ್ಬಿಣದ ಭಾಗಕ್ಕೆ ದೀಪದ ಮಸಿ ಸವರಬೇಕು, ಮರದೊಳಗೆ ಒತ್ತಿ ತೆಗೆಯಬೇಕು. ಎಲ್ಲಿ ಕಪ್ಪು ಹತ್ತಿದೆಯೋ ಅಲ್ಲಿ ಮರ ಉಬ್ಬಿದೆ ಎಂದರ್ಥ. ಅಷ್ಟನ್ನೇ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಒತ್ತು, ಮತ್ತೆ ಕೆರೆ. ಒಂದು ಕೋವಿಗೆ ಇಡೀ ಚಳಿಗಾಲ ಹಿಡಿದದ್ದೂ ಉಂಟು. ಅವಸರದವರು ಈ ಶೆಡ್ಡಿನ ಕಡೆ ತಲೆ ಹಾಕಿ ಮಲಗುವುದಿಲ್ಲ.

ಈಗ ಮೇಜಿನ ಮೇಲಿರುವುದು ಒಂಟಿ ಗುಂಡಿನ ಕೋವಿ. ಮಸಿಮಾಮನ ತಾತ ಹುಟ್ಟುವ ಮೊದಲೇ ತಯಾರಾದದ್ದು. ಕೆಳಗಿನ ಸನ್ನೆಕೋಲನ್ನು ಎಳೆದರೆ ನಳಿಗೆಯ ಹಿಂಬದಿಯ ಬಾಯಿ ತೆರೆಯುತ್ತದೆ; ಒಂದೇ ಒಂದು ಗುಂಡು ಇಟ್ಟು ಮುಚ್ಚಬೇಕು. ಇಂಥ ಕೋವಿಗಳಿಗೆಂದೇ ಊರಿನ ಗುರಿಕಾರರ ಸಂಘ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತದೆ. ದೂರದರ್ಶಕ ಕೂಡದು, ಆನಿಕೆ ಕೂಡದು. ಎರಡು ಕಾಲ ಮೇಲೆ ನೆಟ್ಟಗೆ ನಿಂತು, ಬರಿಗಣ್ಣಿನಲ್ಲಿ ಗುರಿ ನೋಡಿ, ಮರದ ಹಲಗೆಗೆ ಹೊಡೆಯಬೇಕು.

ಈ ಕೋವಿಯಲ್ಲಿ ಹೊಡೆಯುತ್ತಿದ್ದದ್ದು ಅವರ ತಮ್ಮ. ಉದ್ದನೆಯ ಆಳು, ಉದ್ದನೆಯ ಕತ್ತು. ಅಣ್ಣ ಪ್ರೀತಿಯಿಂದ ಕರೆಯುತ್ತಿದ್ದದ್ದು ‘ಒಂಟೆ’ ಎಂದು. “ನಾನು ಮಾಡೋದು, ಅವನು ಹೊಡೆಯೋದು. ಕಪ್ ಅವನ ಮನೇಲಿ, ಮರದ ಹೊಟ್ಟು ನನ್ನ ಮನೇಲಿ” ಎಂದು ಹೇಳುವಾಗ ಮಸಿಮಾಮನ ಮುಖದಲ್ಲಿ ಹೊಟ್ಟೆಕಿಚ್ಚಿನ ಸುಳಿವೂ ಇಲ್ಲ. ಧ್ವನಿವರ್ಧಕದಲ್ಲಿ ಕೂಗುತ್ತಿದ್ದದ್ದು ತಮ್ಮನ ಹೆಸರು. ಅಣ್ಣ ಮೈದಾನದ ಹಿಂದಿನ ಗೋಡೆಯ ಆಚೆ ನಿಂತು ಸದ್ದು ಕೇಳಿಸಿಕೊಳ್ಳುತ್ತಿದ್ದರು. ಎದುರಿಗೆ ನಿಂತರೆ ಇಬ್ಬರಿಗೂ ದಿಗಿಲಂತೆ.

ಸಂಜೆ ಕೆಲಸ ಮುಗಿಸಿಕೊಂಡು ತಮ್ಮ ಇಲ್ಲಿಗೇ ಬರುತ್ತಿದ್ದ. ಹೊಟ್ಟಿನ ದೂಳಿಗೆ ಕೆಮ್ಮು ಬರುತ್ತದೆಂದು ಒಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಿಗೆ ಒಂದು ಪಾದ ಒತ್ತಿಟ್ಟು, ಚೌಕಟ್ಟಿಗೆ ಒರಗಿ ನಿಂತು, ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದ. ಅವನು ನಿಂತಿರುವಷ್ಟು ಹೊತ್ತು ಬಾಗಿಲು ತೆಪ್ಪಗಿರುತ್ತಿತ್ತು.

ಆಮೇಲೆ ಒಂದು ದಿನ ಅಭ್ಯಾಸದ ನಡುವೆ ಕೋವಿ ಅವನ ಕೈಯಿಂದ ಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಮರ ಕುತ್ತಿಗೆಯ ಹತ್ತಿರ ಸೀಳಿತು. ಬೈಯಲು ಬಾಯಿ ತೆರೆದ ಅಣ್ಣ ತಮ್ಮನ ಮುಖ ನೋಡಿದರು. “ನಗ್ತಾ ಇದ್ದ. ಬೆರಳು ಮಡಚೋಕೆ ಆಗ್ತಿಲ್ಲ ಅಣ್ಣಾ ಅಂದ.” ಕೈಕಾಲಿನ ಬಲವನ್ನು ಒಂದೊಂದಾಗಿ ಕಸಿಯುವ ಕಾಯಿಲೆ ಅದು. ಕಡೆಕಡೆಗೆ ಅಣ್ಣನೇ ಅವನಿಗೆ ಊಟ ಮಾಡಿಸುತ್ತಿದ್ದರು. ಹೋದ ವರ್ಷ ತಮ್ಮ ತೀರಿಕೊಂಡ.

ಸಂಘದಲ್ಲಿ ಒಂದು ಹಳೆಯ ಕಟ್ಟಳೆ ಇದೆ. ಗುರಿಕಾರ ಸತ್ತ ಮೇಲೆ ಅವನ ಕೋವಿಗಾಗಿ ಒಂದು ವರ್ಷ ಕಾಯುತ್ತಾರೆ. ಮನೆಯವರು ಯಾರಾದರೂ ಸ್ಪರ್ಧೆಗೆ ಬಂದು, ಅದೇ ಕೋವಿಯಿಂದ ಒಂದು ಗುಂಡನ್ನಾದರೂ ಹಲಗೆಗೆ ತಾಗಿಸಬೇಕು. ಇಲ್ಲದಿದ್ದರೆ ಗುಂಡನ್ನು ಸಿಡಿಸುವ ಮೊಳೆಯನ್ನು ಕಿತ್ತು, ಕೋವಿಯನ್ನು ಗೋಡೆಗೆ ನೇತುಹಾಕುತ್ತಾರೆ. ಮೂಕ ಮಾಡುವುದು ಎನ್ನುತ್ತಾರೆ ಅದಕ್ಕೆ. ಮರ್ಯಾದೆಗೇ ಮಾಡುವುದಂತೆ. “ಅಂಥ ಮರ್ಯಾದೆ ಯಾರಿಗೆ ಬೇಕು?” ಮಸಿಮಾಮನ ದನಿ ಏರುತ್ತದೆ. “ಅವನ ನಾಲಿಗೆ ಕಿತ್ತು ಗೋಡೆಗೆ ಹೊಡೆದ ಹಾಗಾಗುತ್ತೆ ನನಗೆ.”

ತಮ್ಮನ ಮಗಳು ಬೇಕರಿಯಲ್ಲಿ ಹಿಟ್ಟು ನಾದುವವಳು. ತೋಳಿನಲ್ಲಿ ಕಸುವಿದೆ, ಮಾತಿನಲ್ಲಿ ಅಪ್ಪನಷ್ಟೇ ಹರಟೆಯಿದೆ. ಗಿಡ್ಡ ಮೈ ಮಾತ್ರ ಅಮ್ಮನದು. “ನಾನು ನಿಲ್ತೀನಿ ದೊಡ್ಡಪ್ಪ, ನೀವು ಕೋವಿ ಎಬ್ಬಿಸಿ” ಎಂದಳು. ದೊಡ್ಡಪ್ಪ ಎಬ್ಬಿಸಿದರು. ನಳಿಗೆಯ ತುಕ್ಕು ತೆಗೆದರು, ಸವೆದ ಸ್ಪ್ರಿಂಗ್ ಬದಲಿಸಿದರು, ಎತ್ತಿಟ್ಟಿದ್ದ ಆಕ್ರೋಟು ಮರದ ದಿಮ್ಮಿಯನ್ನು ಹೊರತೆಗೆದರು. ಹುಡುಗಿಯನ್ನು ನಿಲ್ಲಿಸಿ, ಮೊಣಕೈ ಮಡಚಿಸಿ, ಅವಳ ಅಳತೆಗೆ ಮರದ ಮೇಲೆ ಸೀಮೆಸುಣ್ಣದಿಂದ ಗುರುತೂ ಹಾಕಿಕೊಂಡರು. ಆಮೇಲೆ ತಿಂಗಳುಗಟ್ಟಲೆ ಮಸಿ, ಒತ್ತು, ಕೆರೆ.

ಕೋವಿ ಸಿದ್ಧವಾಯಿತು, ಕನ್ನಡಿಯಂತೆ ಹೊಳೆಯಿತು. ಹುಡುಗಿ ಅಭ್ಯಾಸಕ್ಕೆ ಒಯ್ದಳು. ಒಂದೂ ಗುಂಡು ಹಲಗೆಗೆ ತಾಗಲಿಲ್ಲ. ಮರದ ಬುಡ ಹೆಗಲಲ್ಲಿ ಕೂರದೆ ತೋಳಿಗೆ ಜಾರಿ, ತೋಳೆಲ್ಲ ನೀಲಿಗಟ್ಟಿತು. ವಾಪಸ್ ಬಂದವಳು ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದಳು, “ದೊಡ್ಡಪ್ಪ, ಇದು ನನ್ನ ಅಳತೆ ಅಲ್ಲ. ಅಪ್ಪಂದು.”

ಮಸಿಮಾಮ ನಂಬಲಿಲ್ಲ. ಕೋವಿ ಇಸಿದುಕೊಂಡು ತಡವಿದರು. ಹೌದು. ಬುಡ ಉದ್ದ, ಕೆನ್ನೆ ಒರಗುವ ಜಾಗ ಎತ್ತರ. ಸೀಮೆಸುಣ್ಣದ ಗುರುತು ಯಾವಾಗ ಅಳಿಸಿತೋ, ಕೈ ಯಾವಾಗ ತನ್ನ ಹಳೆಯ ದಾರಿ ಹಿಡಿಯಿತೋ ಅವರಿಗೇ ತಿಳಿಯಲಿಲ್ಲ. “ಇಷ್ಟು ವರ್ಷ ಅವನೊಬ್ಬನ ಹೆಗಲನ್ನೇ ಮನಸ್ಸಲ್ಲಿಟ್ಟುಕೊಂಡು ಕೆತ್ತಿದ್ದು. ಕೈಗೆ ಸತ್ತವರು ಬದುಕಿರೋರು ಅಂತ ಗೊತ್ತಾಗಲ್ಲ ನೋಡಿ.” ಆ ಸಂಜೆ ಅವರು ಊಟಕ್ಕೇಳಲಿಲ್ಲ.

ಕೆನ್ನೆಯ ಜಾಗವನ್ನು ಹೇಗೋ ಕೆರೆದು ತಗ್ಗಿಸಿದರು. ಉಳಿದದ್ದು ಬುಡ. ಹಿಂದಿನ ತಗಡು ಬಿಚ್ಚಿ ಎರಡು ಬೆರಳಷ್ಟು ಕುಯ್ದುಹಾಕಿದರೆ ಆಯಿತು, ಗಳಿಗೆಯ ಕೆಲಸ. ಆದರೆ ಕೈ ಬರುತ್ತಿಲ್ಲ. ಸ್ಪರ್ಧೆ ಈ ಭಾನುವಾರ.

ಬೇಕರಿಯ ರಾತ್ರಿ ಪಾಳಿ ಮುಗಿಸಿದ ಹುಡುಗಿ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಬರುತ್ತಾಳೆ. ಮೇಜಿನ ಮುಂದೆ ನಿಂತಿರುವ ದೊಡ್ಡಪ್ಪನನ್ನು ನೋಡುತ್ತಾಳೆ, ಗರಗಸ ನೋಡುತ್ತಾಳೆ. “ಬೇಡ ಬಿಡಿ ದೊಡ್ಡಪ್ಪ. ಹೀಗೇ ಹೊಡೀತೀನಿ. ಅಪ್ಪನ ಅಳತೇಲೇ ಇರ್ಲಿ.”

“ಹೀಗೇ ಹೊಡೆದ್ರೆ ಗಾಳಿಗೆ ಹೊಡೀತೀಯ” ಎನ್ನುತ್ತಾರೆ ಅವರು. ಅವಳ ತೋಳಿನ ನೀಲಿಯನ್ನು ನೋಡುತ್ತಾರೆ. “ಅವನ ಅಳತೆ ಉಳಿಸ್ಕೊಂಡ್ರೆ ಕೋವಿ ಗೋಡೆಗೆ ಹೋಗುತ್ತೆ, ಪುಟ್ಟಿ. ಗಟ್ಟಿಯಾಗಿ ಹಿಡ್ಕೋ ಬಾ.”

ಅವಳು ಹಿಡಿಯುತ್ತಾಳೆ. ಗರಗಸ ಸದ್ದು ಮಾಡುತ್ತದೆ. ಅರ್ಧಕ್ಕೆ ಬಂದಾಗ ಅವರ ಕಣ್ಣಿಂದ ನೀರು ಇಳಿದು ಹೊಟ್ಟಿನ ಮೇಲೆ ಬೀಳುತ್ತದೆ; ಒರೆಸಿಕೊಳ್ಳಲು ಕೈ ಖಾಲಿಯಿಲ್ಲ. ಮರದ ತುಂಡು ಟಪ್ಪೆಂದು ನೆಲಕ್ಕುರುಳುತ್ತದೆ.

ತಗಡು ಕೂರಿಸಿ ಕೋವಿಯನ್ನು ಅವಳ ಕೈಗಿಡುತ್ತಾರೆ. “ಕಣ್ಣು ಮುಚ್ಚಿ ಎತ್ತು.” ಎತ್ತುತ್ತಾಳೆ. ಬುಡ ಹೆಗಲಿಗೆ ಹೋಗಿ ಕೂರುತ್ತದೆ, ಕೆನ್ನೆ ಮರಕ್ಕೆ ಒರಗುತ್ತದೆ. “ಈಗ ಕಣ್ಣು ಬಿಡು.” ಬಿಡುತ್ತಾಳೆ. ನಳಿಗೆಯ ತುದಿಯ ಗುರಿಮೊನೆ ಕಣ್ಣೆದುರಿಗೇ ಬಂದು ನಿಂತಿದೆ.

“ಸರಿಯಾಯ್ತು ದೊಡ್ಡಪ್ಪ.”

“ಹೂಂ. ನಿನ್ನದಾಯ್ತು” ಎಂದವರೇ ಗೋಡೆಯ ಕಡೆ ತಿರುಗುತ್ತಾರೆ. ಹೋದ ವರ್ಷ ಎಲ್ಲರೂ ಅತ್ತಾಗ ಅವರು ಅತ್ತಿರಲಿಲ್ಲವಂತೆ. ಈಗ ಭುಜ ಕುಣಿಯುವಂತೆ ಅಳುತ್ತಾರೆ. ಹುಡುಗಿಯ ಹಿಟ್ಟಿನ ಕೈ ಅವರ ಅಂಗಿಯ ಮೇಲೆ ಬೆಳ್ಳಗೆ ಮೂಡುತ್ತದೆ.

ಭಾನುವಾರ ಎಲ್ಲಿ ನಿಲ್ಲುತ್ತೀರಿ ಎಂದು ನೋಡಲು ಬಂದವರು ಕೇಳಿದರೆ ಮೂಗೊರೆಸಿಕೊಂಡು ಹೇಳುತ್ತಾರೆ, “ಅದೇ ಗೋಡೆ ಹಿಂದೆ. ಹಲಗೆಗೆ ತಾಗಿದ ಸದ್ದು ಒಂದು ಕೇಳಿಸಿದ್ರೆ ಸಾಕು. ನನ್ನ ಹೆಸರು ಯಾರೂ ಕೂಗೋದು ಬೇಡ.”

ಕುಯ್ದ ತುಂಡು ಕಾಲ ಬಳಿ ಬಿದ್ದಿದೆ. ಓರೆಯಾಗಿ ಕುಯ್ದದ್ದಕ್ಕೆ ಒಂದು ಅಂಚು ದಪ್ಪ, ಇನ್ನೊಂದು ತೆಳು. ಖಾಲಿ ಲೋಟಕ್ಕೆ ಬಂದ ಹೆಂಡತಿ ಅದನ್ನೆತ್ತಿಕೊಂಡು, ಒಲೆಗೆ ಹಾಕಲೋ ಬೇಡವೋ ಎಂದು ಗಂಡನ ಮುಖ ನೋಡುತ್ತಾರೆ. ಮಸಿಮಾಮ ಅದನ್ನು ಇಸಿದುಕೊಳ್ಳುತ್ತಾರೆ. ಬಾಗಿಲ ಬಳಿ ಮೊಣಕಾಲೂರಿ, ತೆಳುವಾದ ಅಂಚನ್ನು ಬಾಗಿಲಡಿಯ ಸಂದಿಗೆ ಒತ್ತುತ್ತಾರೆ. ಹೊರಗೆ ಗಾಳಿ ಬೀಸುತ್ತಲೇ ಇದೆ, ಬಾಗಿಲು ಮಾತ್ರ ಅಲ್ಲಾಡುವುದಿಲ್ಲ.

“ಇಲ್ಲೇ ಇರ್ಲಿ” ಎನ್ನುತ್ತಾರೆ. “ಬಾಗಿಲು ಹಿಡ್ಕೊಂಡು ನಿಲ್ಲೋದು ಯಾವಾಗ್ಲೂ ಅವನ ಕೆಲಸ ತಾನೇ.”