ಹತ್ತನೇ ತರಗತಿಯ ಆಚೆ ಬಿಸಿಯೂಟವಿಲ್ಲ

ಎರಡು ವರ್ಷದ ಹಿಂದೆ ನಾನು ಗುಬ್ಬಿ ತಾಲ್ಲೂಕಿನ ಒಂದು ಸರ್ಕಾರಿ ಪಿಯು ಕಾಲೇಜಿಗೆ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕನಾಗಿ ಸೇರಿದೆ. ಊರು ಕುಣಿಗಲ್, ಬಾಡಿಗೆ ರೂಮು ತುಮಕೂರಿನಲ್ಲಿ, ದಿನವೂ ಬಸ್ಸು. ಕಾಯಂ ಉಪನ್ಯಾಸಕರು ನನ್ನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿದರೆ ನಾನು ವಾದಕ್ಕಿಳಿಯುತ್ತಿದ್ದೆ, ಅದೂ ಕಾರಣವಿರಬಹುದು. ಮಧ್ಯಾಹ್ನ ಖಾಲಿ ತರಗತಿಯಲ್ಲಿ ಒಬ್ಬನೇ ಕೂತು ಊಟದ ಬಾಕ್ಸ್ ತೆರೆಯುತ್ತಿದ್ದೆ.

ಅದೇ ಕಾಂಪೌಂಡಿನಲ್ಲಿ ಹೈಸ್ಕೂಲೂ ಇತ್ತು. ಸರ್ಕಾರದ ಬಿಸಿಯೂಟ ಹತ್ತನೇ ತರಗತಿಗೆ ಮುಗಿಯುತ್ತದೆ, ಪಿಯುಸಿಯವರಿಗಿಲ್ಲ. ತೆಂಗಿನ ತೋಟದವರ ಮಕ್ಕಳೂ ಕೂಲಿಯವರ ಮಕ್ಕಳೂ ಒಂದೇ ಜಗಲಿಯಲ್ಲಿ ಕೂತು ಉಣ್ಣುವುದು ನನ್ನ ಕಿಟಕಿಗೆ ಕಾಣುತ್ತಿತ್ತು. ಉಳ್ಳವರ ಮಕ್ಕಳಿಗೆ ಯಾಕೆ ಪುಕ್ಕಟೆ ಊಟ? ಬೇಕಾದವರಿಗಷ್ಟೇ ಕೊಡಿ, ಬೇಕಿದ್ದರೆ ಎರಡು ಮೊಟ್ಟೆ ಕೊಡಿ. ಚರ್ಚಾಸ್ಪರ್ಧೆಗಳಲ್ಲಿ ಈ ವಾದ ಮಂಡಿಸಿ ಗೆದ್ದವನು ನಾನು.

ಪ್ರಥಮ ಪಿಯುಸಿಯ ರಮ್ಯಾ ಮಧ್ಯಾಹ್ನದ ಪಾಠಗಳಿಗೆ ಇರುತ್ತಿರಲಿಲ್ಲ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕರೆದು ಕೇಳಿದೆ.

“ಊಟಕ್ಕೆ ಮನೆಗೋಗ್ತೀನಿ ಸಾರ್. ವಾಪಸ್ ಬರಕ್ಕೆ ಬಸ್ಸಿಲ್ಲ.”

“ಬಾಕ್ಸ್ ತಾರಮ್ಮ.”

“ನಮ್ಮನೇಲಿ ಬೆಳಿಗ್ಗೆ ಒಲೆ ಹಚ್ಚಲ್ಲ. ಮಧ್ಯಾಹ್ನಕ್ಕೇ ಅಡುಗೆ.”

ಹೈಸ್ಕೂಲಿನ ಅಡುಗೆಯವರನ್ನು ವಿಚಾರಿಸಿದೆ. ಒಬ್ಬರಿಗಾಗುವಷ್ಟು ದಿನವೂ ಉಳಿಯುತ್ತದೆ ಎಂದರು. ಹೆಡ್ ಮಾಸ್ಟರೂ ಒಪ್ಪಿದರು. ನಾಳೆಯಿಂದ ಅಲ್ಲೇ ಉಣ್ಣು ಎಂದು ಗೆದ್ದವನ ಹುರುಪಿನಲ್ಲಿ ರಮ್ಯಾಳಿಗೆ ಹೇಳಿದೆ.

“ನಮ್ ಕ್ಲಾಸಲ್ಲಿ ಎಲ್ರಿಗೂ ಕೊಡ್ತಾರಾ ಸಾರ್?”

“ಇಲ್ಲಮ್ಮ, ನಿನಗೆ.”

“ಹಂಗಾರೆ ಬ್ಯಾಡ ಬುಡಿ.”

“ಹೋದ ವರ್ಷ ಹತ್ತನೇ ಕ್ಲಾಸಲ್ಲಿ ಅದೇ ಜಗಲೀಲಿ ತಿಂದಿದ್ದೀಯಲ್ಲ?”

“ಅವಾಗ ತೋಟದ ಮನೆ ಮಂಜನೂ ಪಕ್ಕದಲ್ಲೇ ಕೂತ್ಕಂಡು ನನ್ ತಟ್ಟೆ ಮೊಟ್ಟೆ ಕದಿಯೋನು ಸಾರ್. ಅದು ಮಕ್ಕಳ ಲೈನು. ಈಗ ನಾನೊಬ್ಳೇ ಹೋಗಿ ಕೂತ್ರೆ ಬಡವ್ರ ಲೈನು.”

“ಬಡತನದಲ್ಲಿ ಅವಮಾನ ಏನಿದೆ?”

“ಹಂಗನ್ನೋರು ಬಾಕ್ಸ್ ತಂದಿರ್ತಾರೆ ಸಾರ್.”

ನನಗೆ ಪ್ರತಿವಾದಗಳು ಹೊಳೆಯದೆ ಇರಲಿಲ್ಲ. ಒಂದೂ ಅವಳನ್ನು ಆ ಜಗಲಿಯಲ್ಲಿ ಕೂರಿಸುವಂತಿರಲಿಲ್ಲ.

ಪಿಯುಸಿಯ ಎಲ್ಲರಿಗೂ ಊಟ ಕೊಡೋಣವೆಂದು ಪ್ರಿನ್ಸಿಪಾಲರ ಬಳಿ ಹೋದೆ. “ರೇಷನ್ ಎಲ್ಲಿಂದ ತರಾಣ ಮೇಷ್ಟ್ರೇ? ಉಳಿದಿದ್ದು ಒಬ್ಬರಿಗಾಗುತ್ತೆ. ಆ ಒಬ್ಬಳೇ ಬ್ಯಾಡ ಅಂದ್ರೆ ನಾನೇನ್ ಮಾಡ್ಲಿ?” ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ರಮ್ಯಾಳ ಹಾಜರಾತಿ ವಾರ್ಷಿಕ ಪರೀಕ್ಷೆಗೆ ಸಾಲಲಿಲ್ಲ. ಆಮೇಲೆ ಅವಳು ಕಾಲೇಜಿಗೆ ಬರಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ನನಗೂ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಎಲ್ಲರಿಗೂ ಕೊಡುವ ಖರ್ಚಿನ ಬಗ್ಗೆ ನನ್ನ ತಕರಾರು ಈಗಲೂ ಪೂರ್ತಿ ಹೋಗಿಲ್ಲ. ಆದರೆ ಈ ಕೆಲಸ ಕಲಿಸಿದ್ದು ಇಷ್ಟು: ತೋಟದ ಮನೆಯ ಮಂಜ ಪುಕ್ಕಟೆ ಉಣ್ಣುತ್ತಿರಲಿಲ್ಲ. ಅವನು ಪಕ್ಕದಲ್ಲಿ ಕೂತಿದ್ದರಿಂದಲೇ ರಮ್ಯಾ ಉಣ್ಣುತ್ತಿದ್ದಳು.